ಹಾಲು ಬಿಡಿಸುವುದನ್ನೂ ಯಾರಾದರೂ ಹೇಳಿಕೊಡಿ

ಸಂಪಾದಕರಿಗೆ ನಮಸ್ಕಾರ.

ಪ್ರತಿ ವರ್ಷ ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ ಅಂತ ಪತ್ರಿಕೆಗಳಲ್ಲಿ ಲೇಖನ ಬರುತ್ತವೆ. ಮಗುವಿಗೆ ಹಾಲು ಕುಡಿಸುವುದು ಹೇಗೆ ಅಂತ ಎಲ್ಲರೂ ಹೇಳುತ್ತಾರೆ. ಬಿಡಿಸುವುದು ಹೇಗೆ ಅಂತ ಕೇಳಿದರೆ ಅಜ್ಜಿಯರ ಬೇವಿನ ಸೊಪ್ಪೇ ಗತಿ. ಅದು ಎದೆಹಾಲಿನ ಮಾತಾಯಿತು, ಬಾಟಲಿಗೆ ಏನು ಹಚ್ಚುವುದು?

ನನ್ನ ಮಗಳಿಗೆ ಈಗ ಎರಡು ವರ್ಷ. ಮೂರು ತಿಂಗಳ ಹಿಂದಿನವರೆಗೂ ರಾತ್ರಿ ಮೂರು ಸಲ ಎದ್ದು ಬಾಟಲಿ ಕೇಳುತ್ತಿದ್ದಳು. ಹನುಮಂತನಗರದಲ್ಲಿ ನಮ್ಮದು ಬಾಡಿಗೆ ಮನೆ, ಗೋಡೆಯಾಚೆಯೇ ಓನರ್ ಮಲಗುತ್ತಾರೆ. ಇವಳು ಅತ್ತರೆ ಅವರಿಗೆ ಎಚ್ಚರ ಆಗುತ್ತೆ ಅಂತ ನಿದ್ದೆಗಣ್ಣಲ್ಲೇ ನಂದಿನಿ ಹಾಲು ಬೆಚ್ಚಗೆ ಮಾಡಿ, ಒಂದು ಚಮಚ ಸಕ್ಕರೆ ಹಾಕಿ ಬಾಯಿಗಿಟ್ಟುಬಿಡುತ್ತಿದ್ದೆ. ಅವಳ ಹಸಿವಿಗಿಂತ ಓನರ್ ನಿದ್ದೆಗೆ ಅಂತ ಕೊಟ್ಟ ಹಾಲೇ ಜಾಸ್ತಿ ಇರಬೇಕು. ಬೆಳಿಗ್ಗೆ ಇಡ್ಲಿ ಬೇಡ, ರಾಗಿ ಸರಿ ಬೇಡ. ಹೊಟ್ಟೆಯಲ್ಲಿ ಜಾಗ ಎಲ್ಲಿರುತ್ತೆ?

ಒಂದು ದಿನ ಹಲ್ಲುಜ್ಜಿಸುವಾಗ ಮೇಲ್ತುಟಿ ಎತ್ತಿ ನೋಡಿದೆ. ಮುಂದಿನ ನಾಲ್ಕೂ ಹಲ್ಲಿನ ಬುಡದಲ್ಲಿ ಸುಣ್ಣದ ಗೆರೆ ಎಳೆದ ಹಾಗೆ ಬಿಳಿ, ಒಂದರಲ್ಲಿ ಆಗಲೇ ಕಂದು ಚುಕ್ಕೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಹಲ್ಲಿನ ಮೇಲೇ ನಿಂತು ಹುಳುಕಾಗುತ್ತೆ, ಕೆಳಗಿನವು ನಾಲಿಗೆ ಅಡ್ಡ ಇದ್ದದ್ದಕ್ಕೆ ಉಳಿದುಕೊಂಡಿವೆ ಅಂದರು ಹಲ್ಲಿನ ಡಾಕ್ಟರು. ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಹಸುವಿನ ಹಾಲು ಸಾಕು, ಜಾಸ್ತಿಯಾದರೆ ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬರಬಹುದಂತೆ. ನಾವು 180 ಎಂಎಲ್‌ನ ಮೂರು ಬಾಟಲಿ, ಅಂದರೆ ರಾತ್ರಿ ಒಂದರಲ್ಲೇ ಅದನ್ನು ದಾಟಿದ್ದೆವು!

ಮೊದಲು ಸಕ್ಕರೆ ನಿಲ್ಲಿಸಿದೆ. ನೀರು ಬೆರೆಸಿ ನೋಡಿದೆ, ಎರಡು ಗುಟುಕು ಚೀಪಿ "ನೀಲು!" ಅಂತ ನನ್ನ ಮೇಲೇ ಎಸೆದಳು. ಆಮೇಲೆ ಎರಡು ರಾತ್ರಿಗೊಮ್ಮೆ 30 ಎಂಎಲ್‌ನಂತೆ ಇಳಿಸುತ್ತಾ ಬಂದೆ. ಮಲಗುವ ಮುಂಚೆ ಮೊಸರನ್ನ, ಲೋಟದಲ್ಲಿ ಹಾಲು, ಹಲ್ಲುಜ್ಜಿ ನಿದ್ದೆ. ಪೂರ್ತಿ ನಿಲ್ಲಿಸಿದ ದಿನದಿಂದ ಪಕ್ಕದಲ್ಲಿ ನಮ್ಮ ಯಜಮಾನರು ಮಲಗಿದರು, ನಾನು ಹಾಲ್‌ನಲ್ಲಿ. "ಮಗು ಹಸಿದು ಮಲಗಬಾರದು ಕಣೆ" ಅಂತ ಅತ್ತೆ ಗೊಣಗುತ್ತಲೇ ಇದ್ದರು. ನಾಲ್ಕು ರಾತ್ರಿ ಅತ್ತಳು. ಐದನೇ ರಾತ್ರಿ ಒಂದೇ ಸಲ ಎದ್ದು, ನೀರು ಕುಡಿದು ಮಲಗಿದಳು. ಓನರ್‌ಗೆ ಮೊದಲೇ ಹೇಳಿಟ್ಟಿದ್ದೆ, ಅವರು ಬೇಜಾರೇ ಮಾಡಿಕೊಳ್ಳಲಿಲ್ಲ. ಸುಮ್ನೆ ಇಷ್ಟು ದಿನ ಹೆದರಿದ್ದೆ.

ಬೇಸರ ಏನಂದರೆ, ಹಲ್ಲಿನ ಕಲೆ ಕಾಣುವುದಕ್ಕೆ ಮೂರು ತಿಂಗಳ ಮುಂಚೆಯಷ್ಟೇ ಒಂದೂವರೆ ವರ್ಷದ ಬೂಸ್ಟರ್ ಹಾಕಿಸಿದ್ದೆವು. ತೂಕ ನೋಡಿದರು, ಎತ್ತರ ನೋಡಿದರು. ರಾತ್ರಿ ಎಷ್ಟು ಸಲ ಹಾಲು ಅಂತ ಯಾರೂ ಕೇಳಲಿಲ್ಲ, ತುಟಿ ಎತ್ತಿ ನೋಡಲಿಲ್ಲ. ಹಾಲಿನ ಬಾಟಲಿಯ ಜಾಹೀರಾತನ್ನು 1992ರ ಕಾನೂನೇ ನಿಷೇಧಿಸಿದೆ, ಸರಿ. ಆದರೆ ಮನೆಯೊಳಗೆ ಬಂದುಬಿಟ್ಟ ಬಾಟಲಿಯನ್ನು ಹೊರಗೆ ಹಾಕುವುದನ್ನೂ ಯಾರಾದರೂ ಹೇಳಬೇಕಲ್ವಾ? ಆ ಬೂಸ್ಟರ್ ದಿನವೇ ಅಂಗನವಾಡಿಯಲ್ಲಾಗಲಿ ಕ್ಲಿನಿಕ್‌ನಲ್ಲಾಗಲಿ ಇದೊಂದು ಪ್ರಶ್ನೆ ಕೇಳಲಿ. ನೀವೂ ಬರುವ ಆಗಸ್ಟ್‌ನಲ್ಲಿ ಅರ್ಧ ಕಾಲಂ ಬಿಡಿಸುವುದಕ್ಕೂ ಕೊಡಿ.

– ಒಬ್ಬ ತಾಯಿ, ಹನುಮಂತನಗರ, ಬೆಂಗಳೂರು