ಎಬಿಎ ಲೀಗ್‌ಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಸರ್ಬಿಯಾದ ಬ್ಯಾಸ್ಕೆಟ್‌ಬಾಲ್ ಆಟಗಾರ ನಿಕೊಲಾ ಯೊಕಿಚ್ ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಮಿಂಚಿದರೆ ಕ್ರೀಡಾ ಪುಟದಲ್ಲಿ ಫೋಟೊ ಬರುತ್ತದೆ. ಅವರು ಪಳಗಿದ, ಹಿಂದಿನ ಯುಗೊಸ್ಲಾವಿಯಾ ಪ್ರದೇಶದ ಎಬಿಎ ಲೀಗ್ ಸುದ್ದಿ ಮಾತ್ರ ಕಾಣುವುದೇ ಅಪರೂಪ. 20ರ ವಯಸ್ಸಿಗೇ, 2015ರಲ್ಲಿ, ಮೆಗಾ ಕ್ಲಬ್ ಪರ ಆಡುತ್ತಾ ಅವರು ಆ ಲೀಗ್‌ನ ಶ್ರೇಷ್ಠ ಆಟಗಾರ ಎನಿಸಿದ್ದರು.

2001ರಲ್ಲಿ ಶುರುವಾದ ಈ ಲೀಗ್‌ನಲ್ಲಿ ಸರ್ಬಿಯಾ, ಕ್ರೊಯೇಷಿಯಾ, ಬೋಸ್ನಿಯಾ, ಸ್ಲೊವೇನಿಯಾ, ಮಾಂಟೆನೆಗ್ರೊ ಕ್ಲಬ್‌ಗಳು ಆಡುತ್ತಾ ಬಂದಿವೆ. ಯುಗೊಸ್ಲಾವಿಯಾ ಒಡೆದಾಗ ಪರಸ್ಪರ ಬಂದೂಕು ಹಿಡಿದ ನೆರೆಹೊರೆಯವರು ಇವರು. ಸರ್ಬಿಯಾದ ಬೆಲ್‌ಗ್ರೇಡ್ ತಂಡ ಕ್ರೊಯೇಷಿಯಾದ ಜಾಗ್ರೆಬ್‌ಗೆ ಹೋಗಿ ಆಡಿ ಬರುವುದು ಸಣ್ಣ ಮಾತಲ್ಲ, ಅಲ್ವಾ? 2024ರಲ್ಲಿ ದುಬೈ ತಂಡವೂ ಸೇರಿತು. ನೆರೆಯವರ ಲೀಗ್‌ಗೆ ಅಷ್ಟು ದೂರದ ತಂಡ ಬೇಕಿರಲಿಲ್ಲ ಅನ್ನುವುದು ನನ್ನ ಅನಿಸಿಕೆ. ವಾರಕ್ಕೊಮ್ಮೆಯಾದರೂ ಫಲಿತಾಂಶ, ಅಂಕಪಟ್ಟಿ ಪ್ರಕಟಿಸಿ.

– ಬ್ಯಾಸ್ಕೆಟ್‌ಬಾಲ್ ಅಭಿಮಾನಿ, ಮೈಸೂರು