ಆಫರ್ ಲೆಟರಿಗೆ ಸೈನ್ ಹಾಕೋಕೆ ಮುಂಚೆ

ತಮ್ಮಾ,

ಹೊಸ ಈಬುಕ್ ಸ್ಟಾರ್ಟಪ್ಪಲ್ಲಿ ಎಡಿಟೋರಿಯಲ್ ಹೆಡ್ ಆಗೋಕೆ ಕರೆದಿದಾರೆ ಅಂತ ಬರ್ದಿದ್ಯಲ್ಲ, ಓದಿ ತುಂಬಾ ಖುಷಿ ಆಯ್ತು. ಸಂಬಳ, ಟೀಮು ಇದೆಲ್ಲ ನೀನೇ ವಿಚಾರಿಸಿರ್ತೀಯ. ನಾನು ಹೇಳೋದು ಒಂದೇ, ಅವ್ರು ಲೇಖಕರ ಹತ್ರ ಸೈನ್ ಹಾಕಿಸ್ಕೊಳ್ಳೋ ಕರಾರುಪತ್ರ ಇದ್ಯಲ್ಲ, ಅದನ್ನ ಈಗ್ಲೇ ತರಿಸ್ಕೊಂಡು ಪೂರ್ತಿ ಓದು.

ನಂಗೆ ಒಂದ್ಸಲ ಪೆಟ್ಟು ಬಿದ್ದಿದೆ, ಅದಕ್ಕೇ ಹೇಳ್ತಿದೀನಿ. ನನ್ನ ಕಾದಂಬರಿ ಒಂದನ್ನ ಚಿಕ್ಕದೊಂದು ಡಿಜಿಟಲ್ ಪ್ರಕಾಶನಕ್ಕೆ ಕೊಟ್ಟಿದ್ದೆ, ಎರಡೇ ವರ್ಷಕ್ಕೆ ಬಾಗ್ಲು ಹಾಕಿದ್ರು, ಸೈಟ್ ಹೋಯ್ತು, ಮೇಲ್ ಕಳಿಸಿದ್ರೆ ವಾಪಸ್ ಬರ್ತಿತ್ತು. ತಿದ್ದಿ ತಿದ್ದಿ ಫೈನಲ್ ಮಾಡಿದ್ದ ಫೈಲು ಅಲ್ಲೇ ಉಳೀತು, ನನ್ನ ಹತ್ರ ಇದ್ದಿದ್ದು ಮೊದಲ್ನೇ ಡ್ರಾಫ್ಟ್ ಮಾತ್ರ. ಬೇರೆ ಪ್ರಕಾಶಕರ ಹತ್ರ ಹೋದ್ರೆ ಪ್ರಕಟಿಸೋ ಹಕ್ಕು ನಿಮಗೆ ವಾಪಸ್ ಬಂದಿರೋ ಪತ್ರ ತನ್ನಿ ಅಂದ್ರು, ಪತ್ರ ಕೊಡೋಕೆ ಅಲ್ಲಿ ಯಾರಿದ್ರು? ಮೂರು ವರ್ಷ ಆ ಪುಸ್ತಕ ಯಾರ್ದೂ ಅಲ್ಲದ ಹಾಗೆ ಬಿದ್ದಿತ್ತು.

ಅಚ್ಚಿನ ಪುಸ್ತಕ ಆದ್ರೆ ಪ್ರತಿಗಳು ಮುಗಿದು ಮರುಮುದ್ರಣ ಆಗ್ಲಿಲ್ಲ ಅಂದ್ರೆ ಹಕ್ಕು ವಾಪಸ್ ಕೇಳೋ ಷರತ್ತು ಎಷ್ಟೋ ಕರಾರಲ್ಲಿ ಇರುತ್ತೆ. ಈಬುಕ್ಕಲ್ಲಿ ಪ್ರತಿ ಮುಗಿಯೋದೇ ಇಲ್ಲ ನೋಡು, ಸರ್ವರಲ್ಲಿ ಫೈಲ್ ಕೂತಿದ್ರೆ ಸಾಕು, ವರ್ಷಪೂರ್ತಿ ಒಂದೂ ಹೋಗ್ದಿದ್ರೂ ಪುಸ್ತಕ ಮಾರಾಟಕ್ಕಿದೆ ಅಂತಾನೇ ಲೆಕ್ಕ. ಅದಕ್ಕೇ ಹಕ್ಕು ಇಷ್ಟೇ ವರ್ಷಕ್ಕೆ, ಇಲ್ಲಾ ವರ್ಷಕ್ಕೆ ಇಷ್ಟು ಪ್ರತಿಗಿಂತ ಕಮ್ಮಿ ಹೋದ್ರೆ ಲೇಖಕರಿಗೆ ವಾಪಸ್ ಅಂತ ಅಂಕಿ ಹಾಕಿ ಬರೆಸು. ಕಂಪ್ನಿ ಮುಚ್ಚೋದಾದ್ರೆ ಏನು ಅಂತಾನೂ ಬರೆಸು. ಫೈನಲ್ ಇಪಬ್, ಅಂದ್ರೆ ಸಿದ್ಧವಾದ ಈಬುಕ್ಕಿನ ಫೈಲು, ಬಿಡುಗಡೆ ದಿನಾನೇ ಲೇಖಕರ ಕೈ ಸೇರ್ಬೇಕು.

ರಾಯಲ್ಟಿ, ಅಂದ್ರೆ ಮಾರಾಟದಲ್ಲಿ ಲೇಖಕರಿಗೆ ಸಿಗೋ ಪಾಲು, ಅದನ್ನೂ ನೋಡು. ಬೆಲೆ 100 ಇದ್ದು ಮಾರೋ ಸ್ಟೋರು 30 ಹಿಡ್ಕೊಂಡ್ರೆ, ಮುಖಬೆಲೆ ಮೇಲೆ ಶೇ. 25 ಅಂದ್ರೆ ಲೇಖಕರಿಗೆ 25, ಪ್ರಕಾಶಕರ ಕೈಗೆ ಬಂದ 70ರ ಮೇಲೆ ಅಂದ್ರೆ ಹದಿನೇಳೂವರೆ. ಯಾವ್ದೋ ಒಂದು ಇರ್ಲಿ, ಯಾವ್ದು ಅಂತ ಸ್ಪಷ್ಟವಾಗಿರ್ಲಿ.

ಹಕ್ಕಿನ ವಿಷ್ಯ ಸರಿ ಇಲ್ದಿದ್ರೆ ಓದೋರಿಗೂ ಬಿಸಿ ತಟ್ಟುತ್ತೆ. 2009ರಲ್ಲಿ ಅಮೆಜಾನ್ ತಾನು ಮಾರಿದ್ದ ಕೆಲವು ಈಬುಕ್ಕುಗಳನ್ನೇ ಜನರ ಕಿಂಡಲಿಂದ, ಅಂದ್ರೆ ಅದೇ ಕಂಪ್ನಿಯ ಈಬುಕ್ ಓದೋ ಸಾಧನದಿಂದ, ಅಳಿಸಿಬಿಡ್ತು, ಅಪ್‌ಲೋಡ್ ಮಾಡಿದವ್ರಿಗೆ ಹಕ್ಕೇ ಇರ್ಲಿಲ್ಲ ಅಂತ. ದುಡ್ಡು ವಾಪಸ್ ಕೊಟ್ರೂ ಒಬ್ಬ ವಿದ್ಯಾರ್ಥಿ ಓದ್ತಾ ಓದ್ತಾ ಮಾಡ್ಕೊಂಡಿದ್ದ ನೋಟ್ಸ್ ಉಪಯೋಗಕ್ಕೆ ಬರದ ಹಾಗಾಯ್ತು. ಕೊನೆಗೆ ಆಗ ಅಮೆಜಾನ್ ಮುಖ್ಯಸ್ಥರಾಗಿದ್ದ ಜೆಫ್ ಬೆಜೋಸ್ ಅವ್ರೇ ಕ್ಷಮೆ ಕೇಳಿದ್ರು.

ದುಡ್ಡು ಹಾಕಿದವ್ರು ಎಲ್ಲಾ ಹಕ್ಕೂ ಶಾಶ್ವತವಾಗಿ ಕಂಪ್ನಿಗೇ ಇರ್ಲಿ ಅನ್ನಬಹುದು, ಯಾಕಂದ್ರೆ ನಾಳೆ ಕಂಪ್ನಿ ಮಾರೋವಾಗ ಅದೇ ಅದ್ರ ಆಸ್ತಿ. ಆ ಮೀಟಿಂಗಲ್ಲಿ ಹಸ್ತಪ್ರತಿ ಕಳಿಸಿ ಉತ್ತರಕ್ಕೆ ತಿಂಗಳುಗಟ್ಲೆ ಕಾದಿರೋನು ನೀನೊಬ್ನೇ ಇರ್ತೀಯೇನೋ. ಸೇರಿದ ಮೇಲೆ ಇದನ್ನ ಬದಲಾಯ್ಸೋದು ಕಷ್ಟ ಕಣೋ, ಅವ್ರಿಗೆ ನೀನು ಬೇಕೇ ಬೇಕು ಅನ್ನಿಸ್ತಿರೋ ಈಗ್ಲೇ ಕೇಳ್ಬಿಡು.

ಕರಾರುಪತ್ರದ ಖಾಲಿ ನಮೂನೆ ಸಿಕ್ಕಿದ್ರೆ ನಂಗೂ ಕಳ್ಸು, ಭಾನುವಾರ ಫೋನಲ್ಲಿ ಇಬ್ರೂ ಸಾಲು ಸಾಲಾಗಿ ಓದೋಣ.

ಪ್ರೀತಿಯಿಂದ,
ನಿನ್ನ ಅಣ್ಣ