ಅಜ್ಜಿಯ ಮಾತನ್ನು ದಾಖಲಿಸಲು ಹೊರಟ ಮಗಳಿಗೆ

ಉಡುಪಿ

ಪ್ರೀತಿಯ ಮಗಳಿಗೆ,

ಈ ಸಲ ರಜೆಯಲ್ಲಿ ಊರಿಗೆ ಬಂದಾಗ ಅಜ್ಜಿಯ ನೆನಪುಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುವೆನೆಂದು ನೀನು ಹೇಳಿದ್ದು ನನಗೆ ಬಹಳ ಸಂತೋಷ ತಂದಿದೆ. ಆದರೆ ನೀನು ಕಳುಹಿಸಿದ ಪ್ರಶ್ನೆಗಳ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವು ‘ಯಾವ ಇಸವಿಯಲ್ಲಿ’ ಎಂದೇ ಆರಂಭವಾಗುವುದನ್ನು ಕಂಡು ಈ ಪತ್ರ ಬರೆಯಬೇಕೆನಿಸಿತು. ಇಸವಿಗಳನ್ನು ನಾವು ಗ್ರಂಥಾಲಯದಲ್ಲಿ ಕುಳಿತು ಹುಡುಕಿಕೊಳ್ಳಬಹುದು. ಯುದ್ಧದ ಕಾಲದಲ್ಲಿ, ಮಳೆ ಸುರಿಯುವ ಆಟಿ ತಿಂಗಳಲ್ಲಿ ಅವರ ತವರಿನ ಒಲೆಯ ಮೇಲೆ ಏನು ಬೇಯುತ್ತಿತ್ತು ಎಂಬುದನ್ನು ಹೇಳಬಲ್ಲವರು ಈಗ ಅಜ್ಜಿಯೊಬ್ಬರೇ.

ಹಾಗೆಂದು ಅಜ್ಜಿಗೆ ಕಾಲದ ಲೆಕ್ಕವಿಲ್ಲ ಎಂದುಕೊಳ್ಳಬೇಡ. ಅವರದ್ದು ಪರ್ಯಾಯದ ಲೆಕ್ಕ. ಕೃಷ್ಣಮಠದ ಪೂಜೆಯ ಅಧಿಕಾರ ಎಂಟು ಮಠಗಳ ನಡುವೆ ಎರಡು ವರ್ಷಕ್ಕೊಮ್ಮೆ, ಮಕರ ಸಂಕ್ರಾಂತಿ ಕಳೆದ ಮೇಲೆ, ಹಸ್ತಾಂತರವಾಗುವುದು ನಿನಗೆ ಗೊತ್ತೇ ಇದೆ. ಒಂದು ಮಠದ ಸರದಿ ಮತ್ತೆ ಬರಲು 16 ವರ್ಷ ಬೇಕು. ತಮ್ಮ ಅಣ್ಣ ಬೊಂಬಾಯಿಗೆ ಹೋದದ್ದು ಕೃಷ್ಣಾಪುರ ಮಠದ ಪರ್ಯಾಯದಲ್ಲಿ ಎಂದು ಅವರು ಹೇಳಿದರೆ ಅದು 1942ರಿಂದ 1944ರೊಳಗಿನ ಮಾತು, ಏಕೆಂದರೆ ಅದರ ಹಿಂದಿನ ಸರದಿ 1926ರದ್ದು, ಆಗ ಅಜ್ಜಿ ಹುಟ್ಟಿಯೇ ಇರಲಿಲ್ಲ. ಅವರ ಮದುವೆ ನಡೆದದ್ದು ಪೇಜಾವರದ ವಿಶ್ವೇಶತೀರ್ಥರ ಮೊದಲ ಪರ್ಯಾಯದಲ್ಲಿ, ಅಂದರೆ 1952ರಿಂದ 1954ರ ನಡುವೆ. ‘ಯಾವ ಇಸವಿ’ ಎಂದು ಕೇಳಿದರೆ ಅವರು ಗಲಿಬಿಲಿಗೊಂಡು ಮೌನವಾಗುತ್ತಾರೆ; ‘ಆಗ ಯಾರ ಪರ್ಯಾಯ’ ಎಂದು ಕೇಳು, ತಡವರಿಸದೆ ಹೇಳುತ್ತಾರೆ.

1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು, ಮದರಾಸು ಪ್ರಾಂತ್ಯದ ಉಳಿದ ಕಡೆಗಳಂತೆ ನಮ್ಮ ಜಿಲ್ಲೆಯ ಜನರೂ ಅಕ್ಕಿ, ಬಟ್ಟೆ, ಚಿಮಿಣಿ ಎಣ್ಣೆಗಳಿಗೆ ಪರದಾಡಿದರು ಎಂಬಷ್ಟನ್ನು ನೀನು ಓದಿ ತಿಳಿಯಬಲ್ಲೆ. ಅಜ್ಜಿಯನ್ನು ಕೇಳಬೇಕಾದದ್ದು ಅದರ ಒಳಗಿನ ಸಂಗತಿಗಳನ್ನು. ಚಿಮಿಣಿ ಎಣ್ಣೆ ಸಿಗದಾಗ ಹೊನ್ನೆ ಎಣ್ಣೆಯ ದೀಪ ಹಚ್ಚುತ್ತಿದ್ದರಲ್ಲ, ಆ ಎಣ್ಣೆಯ ಬೀಜ ಹೆಕ್ಕುವ ಕೆಲಸ ಯಾರದ್ದಾಗಿತ್ತು? ಮಳೆಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಎಷ್ಟು ದಿನ ಬರುತ್ತಿತ್ತು, ಅದು ಮುಗಿದ ಮೇಲೆ ಕೆಸುವಿನ ದಂಟು, ಹಲಸಿನ ಬೀಜ ಬಿಟ್ಟರೆ ಇನ್ನೇನಿತ್ತು? ಎಲ್ಲಕ್ಕಿಂತ ಮುಖ್ಯವಾಗಿ, ಗಂಜಿಯ ಅಗುಳು ಯಾರ ಬಟ್ಟಲಿಗೆ ಬೀಳುತ್ತಿತ್ತು, ಬರೀ ತೆಳಿ ಯಾರ ಪಾಲಿಗೆ ಉಳಿಯುತ್ತಿತ್ತು ಎಂಬುದನ್ನು ಕೇಳು. ಒಂದು ಕೂಡುಕುಟುಂಬದ ಸ್ಥಾನಮಾನಗಳೆಲ್ಲ ಆ ಒಂದು ಉತ್ತರದಲ್ಲಿ ಹೊರಬರುತ್ತವೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳುವುದಕ್ಕಿಂತ ಕೆಲವೊಮ್ಮೆ ವಸ್ತುವೊಂದನ್ನು ಕೈಗೆ ಕೊಡುವುದು ಮೇಲು. ಅಜ್ಜಿಯ ಎಲೆಯಡಿಕೆಯ ಪೆಟ್ಟಿಗೆಯಲ್ಲಿ ಒಂದು ಒಟ್ಟೆ ಮುಕ್ಕಾಲು ಇದೆ. ಯುದ್ಧದ ಸಮಯದಲ್ಲಿ ಲೋಹ ಉಳಿಸಲೆಂದು ಸರಕಾರ 1943ರಿಂದ ಟಂಕಿಸಿದ, ನಡುವೆ ದೊಡ್ಡ ತೂತಿರುವ ನಾಣ್ಯವದು. ಕಳೆದ ದೀಪಾವಳಿಯಲ್ಲಿ ಅದನ್ನು ಅವರ ಅಂಗೈಯಲ್ಲಿಟ್ಟಾಗ, ಇಂತಹ ನಾಣ್ಯಗಳನ್ನು ನೂಲಿನಲ್ಲಿ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡು ಅಂಗಡಿಗೆ ಹೋಗುತ್ತಿದ್ದುದನ್ನೂ, ಬೆಲ್ಲ ತೂಗುವಾಗ ತಕ್ಕಡಿಯ ಮುಳ್ಳನ್ನಲ್ಲ, ಅಂಗಡಿಯವನ ಕಿರುಬೆರಳನ್ನು ನೋಡುತ್ತಿರಬೇಕೆಂದು ತಾಯಿ ಹೇಳಿಕೊಟ್ಟದ್ದನ್ನೂ ಅವರು ತಾವಾಗಿಯೇ ಹೇಳತೊಡಗಿದರು. ಅದುವರೆಗೆ ಆ ಅಂಗಡಿಯ ಸುದ್ದಿಯನ್ನೇ ನಾನು ಕೇಳಿರಲಿಲ್ಲ.

ಇನ್ನು ಬೊಂಬಾಯಿಯ ಕಥೆ. ಅಲ್ಲಿನ ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ಕ್ಲೀನರ್ ಆಗಿದ್ದ ನನ್ನ ದೊಡ್ಡ ಮಾವ, ಅಂದರೆ ಅಜ್ಜಿಯ ಆ ಅಣ್ಣ, ಜಪಾನಿನವರು ಬೊಂಬಾಯಿಗೆ ಬಾಂಬು ಹಾಕಿದ ದಿನ ಸ್ವಲ್ಪದರಲ್ಲಿ ಪಾರಾದರೆಂದು ಅಜ್ಜಿ ಇಂದಿಗೂ ಹೇಳುತ್ತಾರೆ. ಅದು ಬಾಂಬುದಾಳಿಯಲ್ಲ. 1944ರ ಏಪ್ರಿಲ್ 14ರ ಸಂಜೆ, ಹತ್ತಿಯ ಬೇಲುಗಳನ್ನೂ ಮದ್ದುಗುಂಡುಗಳನ್ನೂ ಒಟ್ಟಿಗೆ ತುಂಬಿಕೊಂಡು ಬಂದಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿಗೆ ವಿಕ್ಟೋರಿಯಾ ಡಾಕ್‌ನಲ್ಲಿ ಬೆಂಕಿ ಬಿದ್ದು, ಅರ್ಧ ಗಂಟೆಯ ಅಂತರದಲ್ಲಿ ಎರಡು ಬಾರಿ ಸ್ಫೋಟವಾಗಿ ನೂರಾರು ಜನ ಸತ್ತರು. ಆದರೂ ಅಜ್ಜಿಯನ್ನು ನೀನು ತಿದ್ದಬಾರದು. ಶತ್ರುವಿನ ವಿಮಾನ ಇಂದು ಬರುವುದೋ ನಾಳೆ ಬರುವುದೋ ಎಂದು ಹೆದರಿದ್ದ ಊರಿನಲ್ಲಿ ದೊಡ್ಡ ಸದ್ದೆಲ್ಲ ಬಾಂಬಿನದೇ ಎಂದು ಜನರಿಗೆ ಅನಿಸಿದ್ದು ಕೂಡ ಅಂದಿನ ಸಂಗತಿಯೇ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು, ದಾಖಲೆಯಲ್ಲಿರುವುದನ್ನು ಕೆಳಗೆ ಬೇರೆಯಾಗಿ ನಮೂದಿಸು. ಬದಲಾಗಿ, ಸುದ್ದಿ ಊರಿಗೆ ಮುಟ್ಟಿದ್ದು ಹೇಗೆ, ಮಾವನ ಕಾಗದ ಬರುವವರೆಗೆ ಮನೆಯಲ್ಲಿ ಯಾರು ಏನು ಹರಕೆ ಹೊತ್ತರು, ಆತ ಹೋಗುವಾಗ ಮಂಗಳೂರಿನಿಂದ ಹಡಗು ಹತ್ತಿದ್ದೋ ಆಗುಂಬೆ ಘಾಟಿ ಹತ್ತಿ ರೈಲು ಹಿಡಿದದ್ದೋ ಎಂಬುದನ್ನೆಲ್ಲ ಕೇಳು.

ರೆಕಾರ್ಡಿಂಗಿನ ತಾಂತ್ರಿಕತೆಯನ್ನು ನೀನು ನನಗಿಂತ ಚೆನ್ನಾಗಿ ಬಲ್ಲೆ. ಫ್ಯಾನು ಆರಿಸು, ಫೋನನ್ನು ಮಡಿಸಿದ ಬಟ್ಟೆಯ ಮೇಲಿಡು, ಹಂಚಿನ ಮಾಡಿನ ಮೇಲೆ ಮಳೆ ಸುರಿಯುವಾಗ ಆ ಕೆಲಸಕ್ಕೇ ಹೋಗಬೇಡ. ಮಾತು ತುಳುವಿನಲ್ಲಿಯೇ ನಡೆಯಲಿ. ಕನ್ನಡಕ್ಕೆ ಬಂದೊಡನೆ ಅಜ್ಜಿ ಭಾಷಣ ಮಾಡುವವರಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತುಬಿಡುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಎಚ್ಚರವಿರಲಿ. 1974ರ ಭೂಸುಧಾರಣೆಯ ಕಾಯ್ದೆ ಬಂದಾಗ ಅಜ್ಜನ ಮನೆಯವರು ಗೇಣಿ ಒಕ್ಕಲುಗಳಾಗಿದ್ದು, ಉಳುವ ಭೂಮಿ ತಮಗೇ ಸೇರಬೇಕೆಂದು ಡಿಕ್ಲರೇಶನ್ ಕೊಟ್ಟವರು. ಧಣಿಗಳ ಮನೆಯವರು ಇಂದಿಗೂ ನಮ್ಮ ಮದುವೆ, ಗೃಹಪ್ರವೇಶಗಳಿಗೆ ಬಂದು ಹೋಗುವವರು. ಆ ದಿನಗಳ ಬಗ್ಗೆ ಮಾತನಾಡುವಾಗ ಅಜ್ಜಿ ಹೆಸರು ಹಿಡಿದೇ ಹೇಳುತ್ತಾರೆ, ಕಟುವಾಗಿಯೂ ಹೇಳುತ್ತಾರೆ. ಆ ಭಾಗವನ್ನು ಬೇರೆ ಫೈಲಿನಲ್ಲಿಡು, ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡ, ಯಾರು ಕೇಳಬಹುದು ಎಂಬುದನ್ನು ಅವರ ಬಾಯಿಯಿಂದಲೇ ಹೇಳಿಸಿಕೋ. ‘ಅದು ಬೇಡ ಮಗಾ’ ಎಂದರೆ ಅಲ್ಲಿಗೇ ನಿಲ್ಲಿಸು. ಮರುದಿನ ಇನ್ನೊಂದು ದಾರಿಯಿಂದ ಅದೇ ಪ್ರಶ್ನೆಯನ್ನು ತರುವ ಜಾಣತನ ತೋರಿಸಬೇಡ.

ಕೊನೆಯದಾಗಿ ನಿನ್ನ ಮಾವನ ವಿಚಾರ. ಅಜ್ಜಿ ಬಾಯಿ ತೆರೆದೊಡನೆ ‘ಅಮ್ಮಾ, ಅದು ಹಾಗಲ್ಲ’ ಎಂದು ನಡುವೆ ಬಾಯಿ ಹಾಕುವ ಅಭ್ಯಾಸ ಆತನದು. ಆ ಹೊತ್ತಿಗೆ ಅವನನ್ನು ಪೇಟೆಗೆ ಕಳುಹಿಸುವ ಹೊಣೆ ನನ್ನದು. ಹಿಂದಿರುಗಿ ಬಂದು ತಕರಾರು ತೆಗೆದರೆ, ಅವನನ್ನೂ ಕುಳ್ಳಿರಿಸಿ ಅವನ ಮಾತನ್ನು ಪ್ರತ್ಯೇಕವಾಗಿ ರೆಕಾರ್ಡ್ ಮಾಡಿಕೋ. ಅವನಿಗೂ ವಯಸ್ಸು ಎಪ್ಪತ್ತಾಗುತ್ತಾ ಬಂತು.

ಇತಿ,
ನಿನ್ನ ಅಮ್ಮ